ಹುಟ್ಟು ಸಸ್ಯಾಹಾರಿಯಾದ ತಂದೆಗೆ ಸ್ಟೆಂಟ್ ಹಾಕಿದ್ದಾರೆ. ಊಟದಲ್ಲಿ ಇನ್ನೇನು ಬದಲಾಯಿಸಬೇಕು?

ತಿಪಟೂರಿನವನು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ ಈಗ 58 ವರ್ಷ. ತಿಪಟೂರು ತಾಲ್ಲೂಕಿನಲ್ಲಿ ನಮ್ಮದು ಮೂರು ಎಕರೆ ತೆಂಗಿನ ತೋಟ. ಏಳು ವಾರಗಳ ಹಿಂದೆ ಕಾಯಿ ಸುಲಿಸುತ್ತ ನಿಂತಿದ್ದಾಗ ಅವರಿಗೆ ಎದೆಯ ಮೇಲೆ ಕಲ್ಲು ಹೇರಿದಂತಾಗಿ, ನೋವು ಎಡ ದವಡೆಯವರೆಗೆ ಹರಿದು, ಮೈಯೆಲ್ಲ ಬೆವರಿತು. ಗ್ಯಾಸ್ ಇರಬೇಕೆಂದು ಸೋಡಾ ಕುಡಿದು ಒಂದೂವರೆ ಗಂಟೆ ಕಳೆದರು. ಆಮೇಲೆ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟು ಬೆಂಗಳೂರಿಗೆ ಕಳುಹಿಸಿದರು. ಆಂಜಿಯೋಗ್ರಾಂ ಮಾಡಿದಾಗ ಒಂದು ರಕ್ತನಾಳದಲ್ಲಿ 90% ತಡೆ ಇರುವುದು ಕಂಡು ಸ್ಟೆಂಟ್ (ರಕ್ತನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿದರು. ಇನ್ನೊಂದರಲ್ಲಿ 40% ಇದೆಯಂತೆ. ಅದಕ್ಕೆ ಸದ್ಯ ಮಾತ್ರೆ, ಊಟ ಮತ್ತು ನಡಿಗೆ ಸಾಕು ಎಂದಿದ್ದಾರೆ.

ಬಿಡುಗಡೆಯಾಗುವಾಗ ಕೊಟ್ಟ ಮುದ್ರಿತ ಹಾಳೆಯ ಮೊದಲ ಸಾಲೇ "ಸಸ್ಯಾಹಾರ ಸೇವಿಸಿ" ಎಂದಿತ್ತು. ತಂದೆಯವರು ಅದನ್ನು ಓದಿ ನಕ್ಕುಬಿಟ್ಟರು. ಮೂರು ತಲೆಮಾರಿನಿಂದ ಮೊಟ್ಟೆಯನ್ನೂ ಮುಟ್ಟದ ಮನೆ ನಮ್ಮದು. ಅವರು ಬೀಡಿ ಸೇದಿದವರಲ್ಲ, ಹೆಂಡ ಕುಡಿದವರಲ್ಲ, "ನಾನೇನು ತಪ್ಪು ತಿಂದೆ?" ಎಂಬ ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.

ಅವರ ದಿನಚರಿ ಹೀಗಿತ್ತು. ಬೆಳಿಗ್ಗೆ ಸಕ್ಕರೆ ಹಾಕಿದ ಕಾಫಿ, ದೋಸೆ ಅಥವಾ ಚಿತ್ರಾನ್ನ ಮತ್ತು ಕಾಯಿ ಚಟ್ನಿ. ಮಧ್ಯಾಹ್ನ ಎರಡು ತಟ್ಟೆ ಬಿಳಿ ಅನ್ನ, ಕಾಯಿ ಅರೆದು ಹಾಕಿದ ಸಾರು, ಮೇಲೆ ತುಪ್ಪ, ಜೊತೆಗೆ ಉಪ್ಪಿನಕಾಯಿ, ಹಪ್ಪಳ. ಸಂಜೆ ಪೇಟೆಗೆ ಹೋದರೆ ಬೋಂಡ ಅಥವಾ ಖಾರ ಬನ್. ರಾತ್ರಿ ಮತ್ತೆ ಅನ್ನ, ಮೊಸರು. ಮುದ್ದೆ ವಾರಕ್ಕೆ ಎರಡು ದಿನ. ಊಟವಾದ ಮೇಲೆ ಎಲೆ ಅಡಿಕೆ, ಅದರೊಂದಿಗೆ ಚೂರು ಹೊಗೆಸೊಪ್ಪು. ಬಿ.ಪಿ. ಇತ್ತು, ಮಾತ್ರೆಯನ್ನು ನೆನಪಾದಾಗ ತೆಗೆದುಕೊಳ್ಳುತ್ತಿದ್ದರು. ಸಕ್ಕರೆ ಕಾಯಿಲೆಯ ಗಡಿಯಲ್ಲಿದ್ದಾರೆ.

ಸಸ್ಯಮೂಲದ ಊಟದಿಂದ ರಕ್ತನಾಳದ ತಡೆ ಹಿಂದಕ್ಕೆ ಸರಿಯುತ್ತದೆ ಎಂದು ಸಂಬಂಧಿಕರೊಬ್ಬರು ದಿನಕ್ಕೆರಡು ವಿಡಿಯೋ ಕಳುಹಿಸುತ್ತಿದ್ದಾರೆ. ಹಾಲು, ತುಪ್ಪ, ಕಾಯಿ ಎಲ್ಲವನ್ನೂ ಬಿಡಿಸಬೇಕೇ? ತೆಂಗಿನ ತೋಟದವರ ಮನೆಯಲ್ಲಿ ಕಾಯಿ ಬಿಡಿ ಎನ್ನುವುದು ಸುಲಭದ ಮಾತಲ್ಲ ಎಂಬುದನ್ನು ಗಮನದಲ್ಲಿಟ್ಟು ತಿಳಿದವರು ಉತ್ತರಿಸಬೇಕಾಗಿ ವಿನಂತಿ.

ಅಡುಗೆಮನೆಯ ಲೆಕ್ಕ (ಪಥ್ಯಾಹಾರ ತಜ್ಞೆ, ಮೈಸೂರು)

ನಿಮ್ಮ ತಂದೆಯವರ ಪ್ರಶ್ನೆಯನ್ನು ನಾನು ವಾರಕ್ಕೆ ಹತ್ತು ಸಲವಾದರೂ ಕೇಳುತ್ತೇನೆ. ಮಾಂಸ ತಿನ್ನದಿರುವುದು ಒಂದು, ಗಿಡದಿಂದ ಬಂದದ್ದನ್ನು ಅದರ ಮೂಲ ರೂಪಕ್ಕೆ ಹತ್ತಿರವಾಗಿಯೇ ತಿನ್ನುವುದು ಇನ್ನೊಂದು. ಪಾಲಿಶ್ ಮಾಡಿದ ಅಕ್ಕಿ, ಸಕ್ಕರೆ, ಮೈದಾ, ಕರಿದ ಎಣ್ಣೆ, ಇವೂ ಸಸ್ಯಮೂಲದವೇ. ಅಮೆರಿಕದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಆರೋಗ್ಯ ಕಾರ್ಯಕರ್ತರನ್ನು ದಶಕಗಳ ಕಾಲ ಗಮನಿಸಿ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಈ ಭೇದ ಎದ್ದು ಕಂಡಿತು: ಇಡಿಧಾನ್ಯ, ಕಾಳು, ತರಕಾರಿ, ಹಣ್ಣು, ಬೀಜಗಳನ್ನು ಹೆಚ್ಚು ತಿನ್ನುವವರಲ್ಲಿ ಹೃದ್ರೋಗದ ಅಪಾಯ ಸುಮಾರು ಕಾಲು ಭಾಗ ಕಡಿಮೆಯಿದ್ದರೆ, ಸಂಸ್ಕರಿಸಿದ ಧಾನ್ಯ, ಸಿಹಿ, ಸಿಹಿ ಪಾನೀಯಗಳಲ್ಲೇ ಹೊಟ್ಟೆ ತುಂಬಿಸಿಕೊಳ್ಳುವ "ಸಸ್ಯಾಹಾರ"ದಲ್ಲಿ ಅದು ಸುಮಾರು ಮೂರನೇ ಒಂದರಷ್ಟು ಹೆಚ್ಚಿತ್ತು.

ನೀವು ಬರೆದ ಪಟ್ಟಿಯನ್ನು ಮತ್ತೊಮ್ಮೆ ಓದಿ ನೋಡಿ. ಅದರಲ್ಲಿ ಸೊಪ್ಪಿನ ಹೆಸರಿಲ್ಲ, ಹಣ್ಣಿನ ಹೆಸರಿಲ್ಲ, ಕಾಳಿನ ಹೆಸರೂ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗದರ್ಶಿಯ ಪ್ರಕಾರ ಒಬ್ಬರಿಗೆ ದಿನಕ್ಕೆ 400 ಗ್ರಾಂ ತರಕಾರಿ ಮತ್ತು ಸೊಪ್ಪು, 100 ಗ್ರಾಂ ಹಣ್ಣು, 85 ಗ್ರಾಂ ಬೇಳೆಕಾಳು ಬೇಕು. ನಮ್ಮ ಬಹುತೇಕ ಮನೆಗಳಲ್ಲಿ ಸಾರಿನೊಳಗೆ ಎರಡು ತುಂಡು ತೇಲಿದರೆ ಅದೇ ತರಕಾರಿ ಎನಿಸಿಕೊಳ್ಳುತ್ತದೆ.

ಕಾಳು ಮತ್ತು ಸೊಪ್ಪಿಗೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಯಕೃತ್ತು ಕೊಲೆಸ್ಟರಾಲಿನಿಂದ ಪಿತ್ತರಸ ತಯಾರಿಸಿ ಕರುಳಿಗೆ ಬಿಡುತ್ತದೆ; ಕೆಲಸ ಮುಗಿದ ಮೇಲೆ ಅದರ ಬಹುಭಾಗ ಮತ್ತೆ ಯಕೃತ್ತಿಗೇ ಮರಳುತ್ತದೆ. ಮೆಂತ್ಯ, ಕಾಳು, ಓಟ್ಸ್, ಬಾರ್ಲಿ, ಬೆಂಡೆಕಾಯಿಯ ಲೋಳೆಯಂತಹ ಕರಗುವ ನಾರು ಈ ಪಿತ್ತವನ್ನು ಹಿಡಿದುಕೊಂಡು ಮಲದೊಂದಿಗೆ ಹೊರಗೊಯ್ಯುತ್ತದೆ. ಆಗ ಯಕೃತ್ತು ಹೊಸ ಪಿತ್ತ ಮಾಡಲು ರಕ್ತದಲ್ಲಿರುವ ಎಲ್‌ಡಿಎಲ್ ಕೊಲೆಸ್ಟರಾಲನ್ನು, ಅಂದರೆ ರಕ್ತನಾಳದಲ್ಲಿ ಕಟ್ಟಿಕೊಳ್ಳುವ "ಕೆಟ್ಟ" ಕೊಲೆಸ್ಟರಾಲನ್ನು, ಎಳೆದುಕೊಳ್ಳಬೇಕಾಗುತ್ತದೆ. ಬಸ್ಸಾರು ಮಾಡಿ, ಬಸಿದ ಕಾಳು ಮತ್ತು ಸೊಪ್ಪನ್ನು ಪಲ್ಯವಾಗಿ ತಟ್ಟೆಯ ಅರ್ಧಕ್ಕೆ ಬಡಿಸಿಕೊಂಡು ತಿನ್ನುವ ಪದ್ಧತಿ ನಿಮ್ಮ ಸೀಮೆಯಲ್ಲೇ ಇದೆ. ದುಬಾರಿ ಪೊಟ್ಟಣಗಳ ಅಗತ್ಯವೇ ಇಲ್ಲ. ಹುರುಳಿ, ಅಲಸಂದೆ, ಅವರೆ, ಹೆಸರು, ಒಂದೊಂದು ದಿನ ಒಂದೊಂದು ಕಾಳು ಇರಲಿ. ರಾತ್ರಿಯ ಅನ್ನದ ಜಾಗದಲ್ಲಿ ಮುದ್ದೆ ಬರಲಿ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 11 ಗ್ರಾಂ ನಾರು ಇದೆ. ಆದರೆ ಮುದ್ದೆಯೂ ಹಿಟ್ಟೇ, ಸಕ್ಕರೆ ಕಾಯಿಲೆಯ ಗಡಿಯಲ್ಲಿರುವವರು ಅದರ ಗಾತ್ರವನ್ನು ಗಮನಿಸಬೇಕು. ಮುದ್ದೆ ಚಿಕ್ಕದಾಗಿ ಪಲ್ಯ ದೊಡ್ಡದಾದರೆ ಸರಿ.

ಈಗ ಕಾಯಿಯ ವಿಷಯ. ತೆಂಗಿನಲ್ಲಿ ಕೊಲೆಸ್ಟರಾಲ್ ಇಲ್ಲ ಎಂಬುದು ನಿಜ. ಆದರೆ ಅದರ ಕೊಬ್ಬಿನಲ್ಲಿ 80%ಕ್ಕಿಂತ ಹೆಚ್ಚು ಪರ್ಯಾಪ್ತ ಕೊಬ್ಬು, ಅಂದರೆ ಸ್ಯಾಚುರೇಟೆಡ್ ಫ್ಯಾಟ್. ಇದು ರಕ್ತದಿಂದ ಎಲ್‌ಡಿಎಲ್ ಹೀರಿಕೊಳ್ಳುವ ಯಕೃತ್ತಿನ ಸಾಮರ್ಥ್ಯವನ್ನೇ ತಗ್ಗಿಸುತ್ತದೆ. 2020ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕಡಲೆಕಾಯಿ, ಸೂರ್ಯಕಾಂತಿಯಂತಹ ಎಣ್ಣೆಗಳಿಗೆ ಹೋಲಿಸಿದರೆ ಕೊಬ್ಬರಿ ಎಣ್ಣೆ ಎಲ್‌ಡಿಎಲ್ ಅನ್ನು ಪ್ರತಿ ಡೆಸಿಲೀಟರ್ ರಕ್ತಕ್ಕೆ ಸುಮಾರು 10 ಮಿ.ಗ್ರಾಂನಷ್ಟು ಏರಿಸುವುದು ಕಂಡುಬಂತು. ಹಸಿ ಕಾಯಿತುರಿಯ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಕೊಬ್ಬು. ಒಣ ಕೊಬ್ಬರಿಯಲ್ಲಿ 60%ಕ್ಕಿಂತ ಹೆಚ್ಚು. ಹಾಗೆಂದು ಕಾಯಿಯನ್ನು ಮನೆಯಿಂದ ಗಡೀಪಾರು ಮಾಡಿ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದ ಯಾವ ಪಟ್ಟಿಯೂ ನಮ್ಮ ಜನರಲ್ಲಿ ಒಂದು ತಿಂಗಳು ಬಾಳುವುದಿಲ್ಲ. ಪಲ್ಯದ ಮೇಲೆ ಉದುರಿಸುವ ಒಂದು ಚಮಚ ತುರಿ ಇರಲಿ, ಸಾರಿಗೆ ಅರೆದು ಸುರಿಯುವ ಅರ್ಧ ಹೋಳು ಬೇಡ. ಸಾರು ಗಟ್ಟಿಯಾಗಬೇಕಾದರೆ ಬೇಯಿಸಿದ ಕಾಳನ್ನೇ ಒಂದು ಹಿಡಿ ಅರೆದು ಹಾಕಬಹುದು.

ಹಾಲನ್ನು ಪೂರ್ತಿ ಬಿಡಿಸುವ ಅವಸರ ಬೇಡ. ಕೆನೆ ತೆಗೆದ ಹಾಲಿನ ಮಜ್ಜಿಗೆ ಇರಲಿ. ಹಾಲು, ಮೊಸರನ್ನೂ ಬಿಟ್ಟವರು ಬಿ12 ಜೀವಸತ್ವವನ್ನು ಮಾತ್ರೆಯ ರೂಪದಲ್ಲಿ ತೆಗೆದುಕೊಳ್ಳಲೇಬೇಕು; ಗಿಡಗಳಿಂದ ಅದು ಸಿಗುವುದಿಲ್ಲ.

ನನ್ನದೊಂದು ಕೋರಿಕೆ: ತಾಯಿಯವರನ್ನು ಕೇಳಿ, ಈ ಘಟನೆಗೆ ಮೊದಲು ತಿಂಗಳಿಗೆ ಎಷ್ಟು ಎಣ್ಣೆ, ತುಪ್ಪ, ಉಪ್ಪು ಖರ್ಚಾಗುತ್ತಿತ್ತು, ಎಷ್ಟು ಜನ ಊಟ ಮಾಡುತ್ತಿದ್ದರು ಎಂಬುದನ್ನು ಇಲ್ಲಿ ಬರೆಯಿರಿ. "ನಾವು ಕಡಿಮೆಯೇ ಬಳಸುತ್ತೇವೆ" ಎನ್ನದ ಮನೆಯನ್ನು ನಾನು ಇದುವರೆಗೆ ಕಂಡಿಲ್ಲ.

ತಿಪಟೂರಿನವನು

ಮೇಡಂ, ಅಮ್ಮ ದಿನಸಿ ಚೀಟಿಗಳನ್ನು ಒಂದು ತಂತಿಗೆ ಚುಚ್ಚಿ ಇಡುವ ಅಭ್ಯಾಸದವರಾದ್ದರಿಂದ ಲೆಕ್ಕ ಸುಲಭವಾಗಿ ಸಿಕ್ಕಿತು. ಊಟ ಮಾಡುವವರು ಮೂವರು: ಅಪ್ಪ, ಅಮ್ಮ, ಅಜ್ಜಿ. ತಿಂಗಳಿಗೆ ಎಣ್ಣೆ ನಾಲ್ಕು ಲೀಟರ್. ತುಪ್ಪ ಮನೆಯಲ್ಲೇ ಕಾಯಿಸುವುದು, ಮುಕ್ಕಾಲು ಕೆ.ಜಿ. ಇರಬಹುದು. ಉಪ್ಪು ಒಂದು ಕೆ.ಜಿ.; ವರ್ಷಕ್ಕೊಮ್ಮೆ ಉಪ್ಪಿನಕಾಯಿಗೆ ಹಾಕುವ ಕಲ್ಲುಪ್ಪು ಇದರಲ್ಲಿ ಸೇರಿಲ್ಲ. ಬರೆದುಕೊಂಡು ಓದಿ ಹೇಳಿದಾಗ ಅಮ್ಮನೇ ಒಂದು ಕ್ಷಣ ಸುಮ್ಮನಾದರು.

ಅಡುಗೆಮನೆಯ ಲೆಕ್ಕ

ನಾಲ್ಕು ಲೀಟರ್ ಎಣ್ಣೆಯ ತೂಕ ಸುಮಾರು 3,640 ಗ್ರಾಂ. ಅದಕ್ಕೆ ತುಪ್ಪದ 750 ಗ್ರಾಂ ಸೇರಿಸಿ, ಮೂವರಿಗೆ ಮೂವತ್ತು ದಿನದಂತೆ 90ರಿಂದ ಭಾಗಿಸಿದರೆ ತಲೆಗೆ ದಿನಕ್ಕೆ 48 ಗ್ರಾಂ ಮೀರುತ್ತದೆ. ಮೇಲೆ ಹೇಳಿದ ಮಾರ್ಗದರ್ಶಿಯ ತಟ್ಟೆಯಲ್ಲಿರುವುದು ಸುಮಾರು 27 ಗ್ರಾಂ. ಕಾಯಿಯ ಕೊಬ್ಬು, ಪೇಟೆಯ ಬೋಂಡ ಇವೆರಡೂ ಇದಕ್ಕೆ ಹೊರತಾದವು. ಉಪ್ಪು ತಲೆಗೆ 11 ಗ್ರಾಂ ಬಂತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 5 ಗ್ರಾಂ, ಅಂದರೆ ಮಟ್ಟಸವಾದ ಒಂದು ಟೀ ಚಮಚಕ್ಕೂ ತುಸು ಕಡಿಮೆ. ಬಿ.ಪಿ. ಇದ್ದವರಿಗೆ ಈ ಎರಡನೆಯ ಅಂಕಿಯೇ ಹೆಚ್ಚು ಚಿಂತೆಯದು.

ತಿಂಗಳ ಮೊದಲ ದಿನ ಎಣ್ಣೆ ಮತ್ತು ತುಪ್ಪ ಸೇರಿ ಎರಡೂವರೆ ಲೀಟರನ್ನು ಮಾತ್ರ ಅಡುಗೆಮನೆಗೆ ತಂದು, ಮುಗಿದರೆ ಮುಂದಿನ ತಿಂಗಳವರೆಗೆ ತರಬೇಡಿ. ಪ್ರತಿ ಒಗ್ಗರಣೆಗೂ ಅಳೆಯುವುದಕ್ಕಿಂತ ಇದು ಎಷ್ಟೋ ಸಲೀಸು. ಉಪ್ಪನ್ನು ಮಾತ್ರ ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವಾಗಿ ಇಳಿಸಿ; ನಾಲಿಗೆ ಕೆಲವು ವಾರಗಳಲ್ಲಿ ಒಗ್ಗಿಕೊಳ್ಳುತ್ತದೆ. ಹುಳಿ, ಮೆಣಸು, ಜೀರಿಗೆ, ನಿಂಬೆರಸ ಮುಂದಾದರೆ ಉಪ್ಪಿನ ಕೊರತೆ ಅಷ್ಟಾಗಿ ಕಾಣದು. ತಂದೆಯವರಿಗೆ ಬೇರೆ ಪಾತ್ರೆಯಲ್ಲಿ ಬೇರೆ ಅಡುಗೆ ಮಾತ್ರ ಮಾಡಬೇಡಿ. ಮನೆಮಂದಿಯೆಲ್ಲ ಅದನ್ನೇ ಉಣ್ಣಬೇಕು.

ಮಲೆನಾಡ ಮೇಷ್ಟ್ರು (ನಿವೃತ್ತ ಶಿಕ್ಷಕ)

ನಾನು ವೈದ್ಯನಲ್ಲ, ಆರು ವರ್ಷಗಳ ಹಿಂದೆ ಬೈಪಾಸ್ ಆದವನು. ಎಲ್ಲರೂ ಊಟದ ಸುತ್ತಲೇ ಮಾತನಾಡುತ್ತಿರುವುದರಿಂದ ಹೊಗೆಸೊಪ್ಪಿನ ಬಗ್ಗೆ ಎರಡು ಮಾತು ಹೇಳಬೇಕೆನಿಸಿತು. "ಬೀಡಿ ಸೇದಿದವರಲ್ಲ" ಎಂದು ನೀವು ಬರೆದ ಪ್ಯಾರಾದ ಕೆಳಗೇ "ಚೂರು ಹೊಗೆಸೊಪ್ಪು" ಎಂದೂ ಬರೆದಿದ್ದೀರಿ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಹೊಗೆ ಒಳಗೆ ಹೋಗದಿದ್ದರೆ ಹೃದಯಕ್ಕೇನು ತೊಂದರೆ ಎಂದು ನಲವತ್ತು ವರ್ಷ ಜಗಿದೆ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಎಂಬ ಅಧ್ಯಯನದಲ್ಲಿ ತಂಬಾಕು ಜಗಿಯುವವರಿಗೂ ಹೃದಯಾಘಾತದ ಅಪಾಯ ಇಮ್ಮಡಿಗಿಂತ ಹೆಚ್ಚಿತ್ತೆಂಬುದನ್ನು ನನ್ನ ಮಗಳು ಓದಿ ಹೇಳಿದ್ದು ಶಸ್ತ್ರಚಿಕಿತ್ಸೆಯಾದ ಮೇಲೆ. ಆ ಅಧ್ಯಯನವನ್ನು ಮುನ್ನಡೆಸಿದ ಡಾ. ಸಲೀಂ ಯೂಸುಫ್ ಅವರು ವೈದ್ಯಕೀಯ ಓದಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನಲ್ಲೇ ಎಂಬುದನ್ನು ತಿಳಿದಾಗ, ಇಷ್ಟು ಹತ್ತಿರದ ಮಾತು ಇಷ್ಟು ತಡವಾಗಿ ಕಿವಿಗೆ ಬಿತ್ತಲ್ಲ ಎಂದು ನನಗೆ ನಾನೇ ನಾಚಿಕೊಂಡೆ.

ಬಿಡುವುದು ಹೇಗೆ ಎಂದರೆ, ನನಗೆ ಕಷ್ಟವಾದದ್ದು ಊಟ ಮುಗಿದ ಮೇಲಿನ ಹತ್ತು ನಿಮಿಷ ಮಾತ್ರ. ಕೈ ತಾನಾಗಿಯೇ ಎಲೆ ಚೀಲಕ್ಕೆ ಹೋಗುತ್ತಿತ್ತು. ಹೆಂಡತಿ ಆ ಚೀಲದಲ್ಲಿ ಸೋಂಪು, ಹುರಿದ ಅಗಸೆ, ಎರಡು ಲವಂಗ ತುಂಬಿಟ್ಟಳು. ಮೊದಲ ಮೂರು ವಾರ ಸಿಡಿಮಿಡಿ, ನಿದ್ದೆಗೇಡು, ಮಲಬದ್ಧತೆ ಎಲ್ಲವೂ ಆಯಿತು. ಬೇಕಾದರೆ ವೈದ್ಯರ ಬಳಿ ನಿಕೋಟಿನ್ ಚೂಯಿಂಗ್ ಗಮ್ ಕೇಳಿ, ಅದರಲ್ಲಿ ಮರ್ಯಾದೆಯ ಪ್ರಶ್ನೆಯೇನೂ ಇಲ್ಲ.

ನಡಿಗೆಯನ್ನು ನಾನು ಮನೆಯಿಂದ ಮೂರನೇ ಲೈಟು ಕಂಬದವರೆಗೆ ಶುರುಮಾಡಿ, ಮೂರು ತಿಂಗಳಿಗೆ ದಿನಕ್ಕೆ ನಲವತ್ತು ನಿಮಿಷಕ್ಕೆ ಮುಟ್ಟಿಸಿದೆ. ಮಾತನಾಡಲು ಆಗಬೇಕು, ಹಾಡಲು ಆಗಬಾರದು. ವೇಗಕ್ಕೆ ನನಗೆ ಹೇಳಿಕೊಟ್ಟ ಅಳತೆ ಅದು. ತೋಟದಲ್ಲಿ ದಿನವಿಡೀ ಓಡಾಡುತ್ತೇವೆ ಎನ್ನುವವರು ಗಮನಿಸಬೇಕು: ನಿಂತು ಕೆಲಸ ಮಾಡಿಸುವುದು ನಡಿಗೆಯ ಲೆಕ್ಕಕ್ಕೆ ಬರುವುದಿಲ್ಲ.

ನನ್ನ ತಪ್ಪೊಂದನ್ನೂ ಹೇಳಿಬಿಡುತ್ತೇನೆ. ಬೈಪಾಸ್ ಆದ ಎರಡನೇ ವರ್ಷ, ಬೆಳ್ಳುಳ್ಳಿ, ಶುಂಠಿ, ನಿಂಬೆರಸ, ಸೇಬಿನ ವಿನೆಗರ್, ಜೇನುತುಪ್ಪ ಕುದಿಸಿದ ಕಷಾಯದಿಂದ ತಡೆಯೆಲ್ಲ ಕರಗುತ್ತದೆ ಎಂಬ ವಾಟ್ಸ್ಆ್ಯಪ್ ಸಂದೇಶವನ್ನು ನಂಬಿ ಕೊಲೆಸ್ಟರಾಲ್ ಮಾತ್ರೆಯನ್ನು ನಾಲ್ಕು ತಿಂಗಳು ನಿಲ್ಲಿಸಿದೆ. ಊಟ ಕಟ್ಟುನಿಟ್ಟಾಗಿಯೇ ಇತ್ತು. ಆದರೂ 62 ಇದ್ದ ಎಲ್‌ಡಿಎಲ್ 131ಕ್ಕೆ ಏರಿತ್ತು. ವೈದ್ಯರು ಬೈಯಲಿಲ್ಲ, ಎರಡೂ ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ನನ್ನ ಕಡೆ ತಿರುಗಿಸಿದರು, ಅಷ್ಟೆ.

ದಾವಣಗೆರೆ ಅಕ್ಕ

ನಡುವೆ ಒಂದು ಸಂದೇಹ. ನಮ್ಮ ಅತ್ತೆಯವರಿಗೆ ಹೃದಯದ ಕವಾಟ ಬದಲಿಸಿ ಕೃತಕ ಕವಾಟ ಹಾಕಿದ್ದಾರೆ. ಅವರಿಗೆ ಸೊಪ್ಪು ಹೆಚ್ಚು ತಿನ್ನಬೇಡಿ ಎಂದಿದ್ದಾರೆ. ಇಲ್ಲಿ ನೋಡಿದರೆ ಹೃದಯಕ್ಕೆ ಸೊಪ್ಪೇ ಒಳ್ಳೆಯದು ಎನ್ನುತ್ತಿದ್ದೀರಿ. ಯಾವುದು ಸರಿ?

ಸ್ಟೆತೋಸ್ಕೋಪು ಬಿಟ್ಟವನು (ನಿವೃತ್ತ ವೈದ್ಯ, ಹುಬ್ಬಳ್ಳಿ)

ಮೊದಲು ಅಕ್ಕನವರ ಸಂದೇಹ. ಎರಡೂ ಸರಿ. ಕೃತಕ ಕವಾಟದವರು ಸಾಮಾನ್ಯವಾಗಿ ತೆಗೆದುಕೊಳ್ಳುವ ಅಸಿಟ್ರೋಮ್ ಅಥವಾ ವಾರ್ಫರಿನ್ ಮಾತ್ರೆಯು ಕೆ ಜೀವಸತ್ವಕ್ಕೆ ವಿರುದ್ಧವಾಗಿ ಕೆಲಸ ಮಾಡಿ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ, ಸೊಪ್ಪಿನಲ್ಲಿ ಆ ಜೀವಸತ್ವವೇ ಹೇರಳ. ಒಂದು ವಾರ ಸೊಪ್ಪೇ ಇಲ್ಲದೆ, ಮುಂದಿನ ವಾರ ದಿನವೂ ಸೊಪ್ಪು ತಿಂದರೆ ಮಾತ್ರೆಯ ಪ್ರಮಾಣ ತಪ್ಪುತ್ತದೆ. ಹಾಗಾಗಿ ಪ್ರತಿ ವಾರ ಒಂದೇ ಅಳತೆ ಇರಬೇಕು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುವ ಐಎನ್‌ಆರ್ ಪರೀಕ್ಷೆ ತಪ್ಪಬಾರದು, ಊಟ ಬದಲಿಸುವ ಮೊದಲು ವೈದ್ಯರಿಗೆ ತಿಳಿಸಬೇಕು. ಸ್ಟೆಂಟ್ ಹಾಕಿಸಿಕೊಂಡವರ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮಾತ್ರೆಗಳಿಗೆ ಈ ತೊಡಕಿಲ್ಲ. ತಿಪಟೂರಿನ ಹಿರಿಯರು ಧಾರಾಳವಾಗಿ ಸೊಪ್ಪು ತಿನ್ನಬಹುದು.

ಇನ್ನು ತಡೆ ಹಿಂದಕ್ಕೆ ಸರಿಯುವ ಮಾತು. ಇದು ಗಾಳಿಮಾತಲ್ಲ, ಆದರೆ ವಿಡಿಯೋಗಳು ಹೇಳುವಷ್ಟೂ ಅಲ್ಲ. ಅಮೆರಿಕದ ಡೀನ್ ಆರ್ನಿಶ್ ಮತ್ತು ಸಂಗಡಿಗರು 1990ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗಕ್ಕೆ ಸೇರಿದವರು 48 ರೋಗಿಗಳು. ಒಂದು ಗುಂಪಿಗೆ ಒಟ್ಟು ಶಕ್ತಿಯಲ್ಲಿ ಕೊಬ್ಬಿನ ಪಾಲು ಸುಮಾರು 10% ಮಾತ್ರ ಇರುವ ಸಸ್ಯಾಹಾರ, ಧೂಮಪಾನ ತ್ಯಾಗ, ವ್ಯಾಯಾಮ, ಧ್ಯಾನ ಮತ್ತು ಯೋಗಾಸನ, ಗುಂಪು ಸಮಾಲೋಚನೆ ಎಲ್ಲವೂ ಇದ್ದವು. ಒಂದು ವರ್ಷದ ನಂತರ ಅವರ ರಕ್ತನಾಳಗಳ ಸರಾಸರಿ ತಡೆ 40%ರಿಂದ 37.8%ಕ್ಕೆ ಇಳಿದಿತ್ತು, ಸಾಮಾನ್ಯ ಚಿಕಿತ್ಸೆಯಲ್ಲಿದ್ದವರಲ್ಲಿ ಅದು 42.7%ರಿಂದ 46.1%ಕ್ಕೆ ಏರಿತ್ತು. ನಿಮ್ಮ ತಂದೆಯವರ ಎರಡನೆಯ ರಕ್ತನಾಳದಲ್ಲಿರುವುದೂ 40% ಎಂದಿದ್ದೀರಿ. ಆ ಅಂಕಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ನಿರೀಕ್ಷೆ ಎಷ್ಟಿರಬೇಕೆಂಬುದು ತಿಳಿಯುತ್ತದೆ. ಕಟ್ಟಿದ ಕೊಳಾಯಿ ತೊಳೆದಂತೆ ಏನೂ ಆಗುವುದಿಲ್ಲ. ಆದರೆ ಎರಡು ಅಂಶ ಕಡಿಮೆಯಾಯಿತೇ ಎಂಬುದಕ್ಕಿಂತ, ಏರುವುದು ನಿಂತಿತೇ ಎಂಬುದು ಮುಖ್ಯ. ಬಹಳಷ್ಟು ಹೃದಯಾಘಾತಗಳು ತಡೆ ಬೆಳೆದು ಬೆಳೆದು ದಾರಿ ಮುಚ್ಚಿದ್ದರಿಂದ ಆಗುವುದಿಲ್ಲ. ಮೆತ್ತಗಿನ ಕೊಬ್ಬಿನ ಗಡ್ಡೆಯ ತೆಳು ಪೊರೆ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟುವುದರಿಂದ ಆಗುತ್ತವೆ. ಎಲ್‌ಡಿಎಲ್ ಇಳಿದಂತೆ, ತಂಬಾಕು ಬಿಟ್ಟಂತೆ, ಬಿ.ಪಿ. ಹತೋಟಿಗೆ ಬಂದಂತೆ ಆ ಪೊರೆ ಗಟ್ಟಿಯಾಗುತ್ತದೆ.

ಊಟವೊಂದರಿಂದಲೇ ಎಲ್‌ಡಿಎಲ್ ಎಷ್ಟು ಇಳಿದೀತು ಎಂಬುದಕ್ಕೂ ಒಳ್ಳೆಯ ಉದಾಹರಣೆಯಿದೆ. ಕೆನಡಾದ ಟೊರಾಂಟೊದಲ್ಲಿ ಡೇವಿಡ್ ಜೆಂಕಿನ್ಸ್ ತಂಡ ಸೋಯಾ, ಲೋಳೆ ನಾರು, ಬಾದಾಮಿ ಮತ್ತು ಸಸ್ಯಗಳ ಸ್ಟೀರಾಲುಗಳನ್ನು (ಕೊಲೆಸ್ಟರಾಲನ್ನು ಹೋಲುವ ಸಸ್ಯಜನ್ಯ ವಸ್ತು) ಸೇರಿಸಿದ ಊಟವನ್ನು ತಾವೇ ಒದಗಿಸಿ, 2003ರಲ್ಲಿ ವರದಿ ಮಾಡಿದಾಗ ಇಳಿಕೆ ಸುಮಾರು 28% ಇತ್ತು. ಅದೇ ಊಟವನ್ನು ಜನರು ತಮ್ಮ ತಮ್ಮ ಮನೆಗಳಲ್ಲಿ ಮಾಡಿಕೊಂಡು ಉಣ್ಣಲಿ ಎಂದು ಬಿಟ್ಟಾಗ, 2011ರ ವರದಿಯಲ್ಲಿ, ಇಳಿಕೆ ಸುಮಾರು 13%. ಮದುವೆ, ಮುಂಜಿ, ನೆಂಟರು ಟೊರಾಂಟೊದಲ್ಲೂ ಇದ್ದಾರೆಂದು ಕಾಣುತ್ತದೆ. ಸ್ಟೆಂಟ್ ಹಾಕಿಸಿಕೊಂಡವರ ಎಲ್‌ಡಿಎಲ್ 70ಕ್ಕಿಂತ ಕೆಳಗೆ, ಸಾಧ್ಯವಾದರೆ 55ಕ್ಕಿಂತ ಕೆಳಗೆ ಇರಬೇಕು. ಬಹುಪಾಲು ಜನರಿಗೆ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಇಲ್ಲದೆ ಅದು ಎಟುಕದು. ಊಟ ಮಾತ್ರೆಗೆ ಜೊತೆ, ಬದಲಿಯಲ್ಲ. ಮೇಷ್ಟ್ರ ಎರಡು ವರದಿಗಳು ಅದನ್ನೇ ಹೇಳುತ್ತಿವೆ. ರಕ್ತ ತೆಳುವಾಗಿಸುವ ಎರಡು ಮಾತ್ರೆಗಳನ್ನಂತೂ ಹೃದ್ರೋಗ ತಜ್ಞರು ಹೇಳುವವರೆಗೆ ಒಂದು ದಿನವೂ ತಪ್ಪಿಸಬಾರದು. ಹೊಸ ಸ್ಟೆಂಟಿನೊಳಗೇ ಹೆಪ್ಪುಗಟ್ಟುವ ಅಪಾಯವಿದೆ.

ಉಪ್ಪಿನ ವಿಷಯದಲ್ಲಿ ಒಂದು ಎಚ್ಚರಿಕೆ. "ಕಡಿಮೆ ಸೋಡಿಯಂ ಉಪ್ಪು" ಎಂದು ಅಂಗಡಿಯಲ್ಲಿ ಸಿಗುವುದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ಚೀನಾದ 600 ಹಳ್ಳಿಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಂತಹ ಉಪ್ಪಿನಿಂದ ಪಾರ್ಶ್ವವಾಯು 14% ಕಡಿಮೆಯಾದದ್ದು ನಿಜವಾದರೂ, ಮೂತ್ರಪಿಂಡದ ತೊಂದರೆ ಇರುವವರು ಅಥವಾ ರಾಮಿಪ್ರಿಲ್, ಟೆಲ್ಮಿಸಾರ್ಟನ್‌ನಂತಹ ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು; ಅವರ ರಕ್ತದಲ್ಲಿ ಪೊಟ್ಯಾಸಿಯಂ ಅತಿಯಾಗಿ ಏರಬಹುದು. ದಿನಕ್ಕೆ ಮೂರು ನಾಲ್ಕು ಎಳನೀರು ಕುಡಿಯುವ ತೋಟದವರಿಗೂ ಇದೇ ಮಾತು. ಎಳನೀರಿನಲ್ಲಿಯೂ ಪೊಟ್ಯಾಸಿಯಂ ಹೆಚ್ಚು.

ಯೋಗದ ಬಗ್ಗೆ ಯಾರೂ ಕೇಳಲಿಲ್ಲವಾದರೂ ಹೇಳಿಬಿಡುತ್ತೇನೆ. ನಮ್ಮ ದೇಶದ 24 ಆಸ್ಪತ್ರೆಗಳಲ್ಲಿ ಹೃದಯಾಘಾತವಾದ 3,959 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಯೋಗ ಪುನಶ್ಚೇತನ ಪ್ರಯೋಗದಲ್ಲಿ ಸಾವು ಮತ್ತು ಮರು ಆಘಾತಗಳು ಸ್ಪಷ್ಟವಾಗಿ ಕಡಿಮೆಯಾದವೆಂದು ಸಾಬೀತಾಗಲಿಲ್ಲ. ಆದರೆ ಯೋಗ ಮಾಡಿದವರು ತಮ್ಮ ಹಿಂದಿನ ಕೆಲಸಕಾರ್ಯಗಳಿಗೆ ಹೆಚ್ಚು ಚೆನ್ನಾಗಿ ಮರಳಿದರು. ಎದೆನೋವಿನ ಹೆದರಿಕೆಯಲ್ಲಿ ಕುರ್ಚಿ ಬಿಟ್ಟೇಳದವರನ್ನು ನೋಡಿರುವ ನನಗೆ ಅದು ಸಣ್ಣ ಲಾಭವೆನಿಸುವುದಿಲ್ಲ.

ಮತ್ತೆ ಎದೆ ಬಿಗಿದರೆ ಸೋಡಾ ಬೇಡ. ನೇರವಾಗಿ ಹತ್ತಿರದ ಇಸಿಜಿ ಯಂತ್ರದ ಬಳಿಗೆ ಹೋಗಿ.

ತಿಪಟೂರಿನವನು

ಎಲ್ಲರಿಗೂ ಕೃತಜ್ಞತೆಗಳು. ಈ ಭಾನುವಾರ ಊರಿಗೆ ಹೋಗಿ ಇಡೀ ಚರ್ಚೆಯನ್ನು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅಮ್ಮ ಎರಡೂವರೆ ಲೀಟರಿನ ಲೆಕ್ಕವನ್ನು ಒಪ್ಪಿ, ಎಣ್ಣೆ ಡಬ್ಬಿಯ ಹೊರಗೆ ವಾರಕ್ಕೊಂದರಂತೆ ನಾಲ್ಕು ಗೆರೆ ಎಳೆದುಕೊಂಡಿದ್ದಾರೆ. ಸಾರಿಗೆ ಕಾಯಿಯ ಬದಲು ಅಲಸಂದೆ ಅರೆದು ಹಾಕಿದ ದಿನ ಅಜ್ಜಿ ಎರಡು ಸಲ ಬಡಿಸಿಕೊಂಡರು. ಅಪ್ಪ ಏನೂ ಹೇಳಲಿಲ್ಲ, ತಟ್ಟೆ ಮಾತ್ರ ಖಾಲಿಯಾಯಿತು. ನಡಿಗೆಗೆ ಅವರೇ ಒಂದು ಅಳತೆ ಹುಡುಕಿಕೊಂಡಿದ್ದಾರೆ: ತೋಟದ ಸಾಲಿನ ಈ ತುದಿಯಿಂದ ಆ ತುದಿಗೆ ಹದಿನಾಲ್ಕು ಮರ, ಸದ್ಯಕ್ಕೆ ಆರು ಸಾಲು.

ಮೇಷ್ಟ್ರೇ, ಎಲೆ ಚೀಲ ಇನ್ನೂ ಜೇಬಿನಲ್ಲಿಯೇ ಇದೆ. ಹೊಗೆಸೊಪ್ಪಿನ ಭಾಗವನ್ನು ಓದುವಾಗ ಅವರು ದನಕ್ಕೆ ನೀರು ಕುಡಿಸಿ ಬರುತ್ತೇನೆಂದು ಎದ್ದು ಹೋದರು. ತಮ್ಮ ಒಪ್ಪಿಗೆಯಿದ್ದರೆ ಫೋನಿನಲ್ಲಿ ತಾವೇ ಒಮ್ಮೆ ಅವರೊಂದಿಗೆ ಮಾತನಾಡುತ್ತೀರಾ? ಮಗನ ಮಾತಿಗಿಂತ, ಜಗಿದು ಬಿಟ್ಟವರ ಮಾತನ್ನು ಕೇಳಿಯಾರು ಎಂಬ ಆಸೆ.